ಕುಮರಿ ಹೋಯಿತು, ಹಿತ್ತಲು ಉಳಿಯಿತು

ಜೋಯಿಡಾ ತಾಲೂಕಿಗೆ ಕಾಗದಪತ್ರದಲ್ಲಿ ಬಹಳ ಕಾಲ ಸೂಪಾ ಎಂದೇ ಹೆಸರು. 2011ರ ಜನಗಣತಿಯಲ್ಲೂ ಅದು ಸೂಪಾ. ಆದರೆ ಸೂಪಾ ಎಂಬ ಊರು ಮಾತ್ರ ಈಗ ಇಲ್ಲ. ಗಣೇಶಗುಡಿಯ ಹತ್ತಿರ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. 1980ರ ದಶಕದಲ್ಲಿ ಪೇಟೆ, ಗದ್ದೆ, ಗುಡಿ, ಸುತ್ತಲಿನ ಹಳ್ಳಿಗಳೆಲ್ಲ ನೀರಿನಡಿ ಹೋದವು. ಮುಳುಗಡೆಯವರಲ್ಲಿ ಅನೇಕರು ಲೋಂಡಾ ದಾರಿಯ ರಾಮನಗರಕ್ಕೆ ಬಂದು ಕೂತರು. ಅಲ್ಲಿಯ ಹಿರಿಯರೊಬ್ಬರು ಲಾರಿಗೆ ಸಾಮಾನು ತುಂಬಿದ ದಿನದ ಕತೆ ಹೇಳುತ್ತಿದ್ದರು. ಪಾತ್ರೆ, ಪೆಟ್ಟಿಗೆ, ಬಾಗಿಲ ಚೌಕಟ್ಟು ಎಲ್ಲ ಏರಿಸಿಯಾದ ಮೇಲೂ ಅವರ ಆಯಿ ಒಂದು ಗೋಣಿಚೀಲವನ್ನು ಲಾರಿಗೆ ಹಾಕಲು ಬಿಡದೆ ಕಾಲ ಬುಡದಲ್ಲೇ ಇಟ್ಟುಕೊಂಡು ಕೂತಿದ್ದರಂತೆ. ಒಳಗಿದ್ದದ್ದು ಬೂದಿ ಸವರಿದ ಮುಡ್ಲಿ ಗಡ್ಡೆಯ ತಲೆಗಳು, ಕೋನದ ಗಡ್ಡೆಯ ತುಂಡುಗಳು, ಒಂದಿಷ್ಟು ಸೌತೆ, ಹೀರೆ ಬೀಜ. ಹೊಸ ಜಾಗದಲ್ಲಿ ಮನೆಗೆ ಮಾಡು ಕೂರುವ ಮೊದಲೇ ಹಿತ್ತಲಿಗೆ ಗಿಡ ಕೂತಿತ್ತು.

ನಾನು ಇತಿಹಾಸ ಓದಿದವನಲ್ಲ, ಕನ್ನಡ ಶಾಲೆಯ ಮಾಸ್ತರ. ನೌಕರಿಯ ಹೆಚ್ಚಿನ ಕಾಲ ಜೋಯಿಡಾದ ಕಾಡೂರುಗಳಲ್ಲಿ ಕಳೆದೆ, ಕೊನೆಗೆ ಹಳಿಯಾಳಕ್ಕೆ ಬಂದು ನಿಂತೆ. ಆ ಹಳ್ಳಿಗಳಲ್ಲಿ ತರಕಾರಿ ಅಂಗಡಿ ಇರಲಿಲ್ಲ, ಅದರ ಕೊರತೆಯೂ ಇರಲಿಲ್ಲ. ಸಂಜೆ ಯಾವುದೋ ಮಗು ಬಂದು ಶಾಲೆಯ ಜಗುಲಿಯ ಮೇಲೆ ನಾಲ್ಕು ಗಡ್ಡೆ ಇಟ್ಟು ಓಡಿಹೋಗುತ್ತಿತ್ತು. ಯಾರ ಮನೆಯದು ಎಂದು ಮರುದಿನ ಕೇಳಿದರೆ ಇಡೀ ತರಗತಿ ನಗುತ್ತಿತ್ತು. ಗಡ್ಡೆ ಕೊಟ್ಟದ್ದಕ್ಕೆ ಲೆಕ್ಕ ಕೇಳುವ ಮಾಸ್ತರ ಅವರಿಗೆ ಹೊಸಬ.

ಈ ಕೊಡುವ ಪದ್ಧತಿ ಬರೀ ಒಳ್ಳೆಯತನದಿಂದ ಹುಟ್ಟಿದ್ದಲ್ಲ ಎಂಬುದು ನನಗೆ ನಿಧಾನಕ್ಕೆ ತಿಳಿಯಿತು. ಅದರ ಬೇರು ಹಿಡಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಜೋಯಿಡಾದ ಕುಣಬಿ ಸಮುದಾಯದವರ ಹಳೆಯ ಬೇಸಾಯ ಕುಮರಿ. ಬೇಸಿಗೆಯಲ್ಲಿ ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಸುಟ್ಟು, ಮಳೆ ಬಿದ್ದ ಕೂಡಲೇ ಆ ಬೂದಿಯಲ್ಲಿ ರಾಗಿ ಬಿತ್ತುವುದು. ರಾಗಿಯ ನಡುವೆ ಸೌತೆ, ಕುಂಬಳ, ಗಡ್ಡೆ. ಒಂದೆರಡು ವರ್ಷದಲ್ಲಿ ಆ ಜಾಗ ಬಿಟ್ಟು ಮುಂದಕ್ಕೆ ಹೋಗುವುದು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಸರ್ಕಾರದ ಕಣ್ಣು ಕಾಳಿ ಕಣಿವೆಯ ಸಾಗವಾನಿಯ ಮೇಲೆ. ಸಾಗವಾನಿಯ ಲೆಕ್ಕ ಬರೆಯುವವನಿಗೆ ಕುಮರಿ ಎಂದರೆ ಸುಟ್ಟುಹೋದ ದುಡ್ಡು. ಕುಮರಿಗೆ ಕಡಿವಾಣ ಬಿತ್ತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಅದು ಇನ್ನಷ್ಟು ಬಿಗಿಯಾಯಿತು. 1956ರಲ್ಲಿ ದಾಂಡೇಲಿ ವನ್ಯಧಾಮ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ. ಅದಕ್ಕೇ 2015ರಲ್ಲಿ ಕಾಳಿ ಎಂಬ ಹೆಸರು. ಒಂದೊಂದು ಗೆರೆ ಎಳೆದಾಗಲೂ ಬೆಳೆಯುವ ನೆಲ ಮನೆಯ ಕಡೆಗೆ ಸರಿಯಿತು. ಕಾಡಿನಲ್ಲಿ ಹರಡಿಕೊಂಡಿದ್ದ ಬೆಳೆಗಳೆಲ್ಲ ಕೊನೆಗೆ ಬಚ್ಚಲ ಹಿಂದಿನ ಹತ್ತಿಪ್ಪತ್ತು ಮಾರು ಜಾಗಕ್ಕೆ ಬಂದು ಸೇರಿದವು. ಇಂದು ಜೋಯಿಡಾದ ಹಿತ್ತಲಲ್ಲಿ ಅಷ್ಟು ಬಗೆ ಕಾಣುವುದಕ್ಕೆ ಕಾರಣ ಇದು ಎಂಬುದು ನನ್ನ ತೀರ್ಮಾನ.

ಬಗೆಗಳೂ ಅಷ್ಟೇ, ಹೆಸರು ಹೇಳುವಾಗ ಉಸಿರು ಕಟ್ಟಬೇಕು. ಮುಡ್ಲಿ ಇದ್ದದ್ದೇ, ಕೆಸುವಿನ ಜಾತಿಯ ದೊಡ್ಡ ಗಡ್ಡೆ. ಕೋನದ ಬಳ್ಳಿ ಮರ ಹತ್ತುತ್ತದೆ, ಗಡ್ಡೆ ನೆಲದೊಳಗೆ ಆಳಕ್ಕೆ ಇಳಿಯುತ್ತದೆ. ತೆಗೆಯುವವನಿಗೆ ಸೊಂಟ ಗಟ್ಟಿ ಇರಬೇಕು. ಕಾಟೆ ಕಣಗದ ಬೇರಿನ ತುಂಬ ಮುಳ್ಳು. ಹಂದಿಯ ಮೂತಿಗೆ ಅದು ಸುಲಭದ ತುತ್ತಲ್ಲ. ಝಾಡ ಕಣಗ ಎಂದರೆ ನಮ್ಮ ಮರಗೆಣಸು, ತಾಂಬಡೆ ಕಣಗ ಕೆಂಪು. ಇವುಗಳಲ್ಲಿ ಕೋನ, ಕೆಸು ಇಲ್ಲಿಯ ಹಳೆಯ ಒಕ್ಕಲು. ಮರಗೆಣಸು, ಸಿಹಿಗೆಣಸು ಮಾತ್ರ ಅಮೆರಿಕದವು, ಪೋರ್ಚುಗೀಸರ ಹಡಗು ಹತ್ತಿ ಬಂದವು. ಕುಣಬಿಗಳ ಹಿರಿಯರು ಹೇಳುವ ಪ್ರಕಾರ ಅವರ ಪೂರ್ವಜರು ಘಟ್ಟ ಹತ್ತಿದ್ದೇ ಗೋವೆಯಲ್ಲಿ ಆ ಪೋರ್ಚುಗೀಸರ ಕಾಟ ತಾಳದೆ. ಆಳಿದವನನ್ನು ಬಿಟ್ಟು ಬಂದರು, ಅವನು ತಂದ ಗೆಣಸನ್ನು ಬಿಡಲಿಲ್ಲ.

ಮುಡ್ಲಿಯನ್ನು ದೊಡ್ಡ ಮಳೆಗೆ ಮುಂಚೆಯೇ ನೆಡುತ್ತಾರೆ. ಕೆದಕಿ ಸಡಿಲ ಮಾಡಿದ ಮಣ್ಣಿಗೆ ಕಾಡಿನ ದರಕು, ಸಗಣಿಗೊಬ್ಬರ. ಗೌಳಿಗರ ದೊಡ್ಡಿ ಹತ್ತಿರವಿದ್ದರೆ ಎಮ್ಮೆಗೊಬ್ಬರ ಸಿಕ್ಕೀತು, ಬದಲಿಗೆ ಹಿತ್ತಲಲ್ಲಿ ಬೆಳೆದದ್ದು ಏನಾದರೂ. ಮಳೆಗಾಲವಿಡೀ ಬುಡಕ್ಕೆ ಮಣ್ಣು ಏರಿಸುವುದು, ಎಲೆ ಹಳದಿಯಾಗಿ ಒಣಗಿದ ಮೇಲೆ ಅಗೆಯುವುದು. ಹೊಟ್ಟೆಗೆ ಗಡ್ಡೆಯ ಕೆಳಭಾಗ, ಬೀಜಕ್ಕೆ ಅದರ ತಲೆ. ತಿನ್ನುವುದೂ ಬೀಜ ಉಳಿಸುವುದೂ ಒಂದೇ ಗಡ್ಡೆಯಲ್ಲಿ ಆಗುವುದರಿಂದ ಕೊಡುವವನ ಕೈ ತಡೆಯುವುದಿಲ್ಲ. ಸಾರು ಮಾಡುವಾಗ ಮುರುಗಲ ಸಿಪ್ಪೆಯೋ ಹುಣಸೆಯೋ ಬೀಳಲೇಬೇಕು, ಇಲ್ಲದಿದ್ದರೆ ಗಂಟಲು ತುರಿಸಿ ಊಟ ಮಾಡಿದವರೆಲ್ಲ ಅಡುಗೆಯವರ ಮುಖ ನೋಡುತ್ತಾರೆ.

ಶಾಲೆಯ ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದರು. ಊರಿಗೆಲ್ಲ ಮಾವಶಿ, ನನಗೂ ಮಾವಶಿ. ಮುಡ್ಲಿಯ ತಲೆ ಕತ್ತರಿಸಿ ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಬದಲು ಅರ್ಧಕ್ಕರ್ಧ ಅವರಿವರಿಗೆ ಹಂಚುತ್ತಿದ್ದರು. ನಿಮಗೇ ಸಾಲದಾದರೆ ಏನು ಮಾಡುತ್ತೀರಿ ಎಂದೆ. “ಮಾಸ್ತರೇ, ಎಲ್ಲ ನನ್ನ ಹಿತ್ತಲಲ್ಲೇ ಇಟ್ಟರೆ ಹಂದಿ ಒಂದು ರಾತ್ರಿ ಬಂದರೆ ಮುಗೀತು. ಅವರ ಮನೇಲಿದ್ದರೆ ಮುಂದಿನ ವರ್ಷ ಹೋಗಿ ಇಸ್ಕೊಂಡು ಬರ್ತೇನೆ” ಎಂದರು. ನಾನು ಅಲ್ಲಿದ್ದಾಗಲೇ ಹಾಗೆಯೇ ಆಯಿತು. ಮಳೆಗಾಲದ ಕೊನೆಗೆ ಹಂದಿಗಳು ಬೇಲಿ ಮುರಿದು ಒಂದು ಗಡ್ಡೆಯನ್ನೂ ಬಿಡದೆ ಅಗೆದವು. ಮುಂದಿನ ಬೇಸಿಗೆ ಮೂರು ಮನೆಗಳಿಂದ ಅವರದೇ ಮುಡ್ಲಿ ಅವರ ಹಿತ್ತಲಿಗೆ ವಾಪಸು ಬಂತು. ಮೂರರಲ್ಲಿ ಒಂದು ಮನೆಯವರ ಜೊತೆ ಮಾವಶಿಗೆ ವರ್ಷಗಳಿಂದ ಮಾತಿರಲಿಲ್ಲ. ಗಡ್ಡೆ ಬಂತು, ಮಾತು ಆಗಲೂ ಬರಲಿಲ್ಲ.

ಘಟ್ಟದ ಈ ಮೇಲ್ಭಾಗದಲ್ಲಿ ಇಂಥ ಹಿತ್ತಲು ಕುಣಬಿಗಳದ್ದೊಂದೇ ಅಲ್ಲ. ಪೋರ್ಚುಗೀಸರ ಗುಲಾಮಗಿರಿ ತಪ್ಪಿಸಿಕೊಂಡು ಕಾಡು ಸೇರಿದ ಸಿದ್ದಿಗಳು ಹಳಿಯಾಳ, ಮುಂಡಗೋಡದ ಕಡೆ ಮನೆ ಸುತ್ತ ಇಂಥವೇ ಗಡ್ಡೆಗಳನ್ನು ಬೆಳೆದರು. ಮುಂಡಗೋಡಕ್ಕೆ 1966ರಲ್ಲಿ ಟಿಬೆಟಿನವರು ಬಂದರು. ಮೈಸೂರು ಸರ್ಕಾರ ಕೊಟ್ಟ ಸುಮಾರು 4000 ಎಕರೆಯಲ್ಲಿ ಗೋವಿನಜೋಳ ಬಿತ್ತಿದರು, ಕ್ಯಾಂಪಿನ ಮನೆಗಳ ಹಿಂದೆ ಮೂಲಂಗಿ, ಸೊಪ್ಪು ಹಾಕಿದರು. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದು ಊರೂರಿನ ಕೂಲಿಗಳು ಸೇರಿದ ಮೇಲೆ ಅವರವರ ಊರಿನ ಬೀಜಗಳೂ ಬಂದಿರಬೇಕು. ಆ ಕತೆ ಕಾರ್ಮಿಕರ ಮಕ್ಕಳೇ ಬರೆಯಲಿ.

ಸಿದ್ದಿಗಳ ಹೆಸರು ಬಂದದ್ದಕ್ಕೆ ಒಂದು ಮಾತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ವರ್ಷ ಗೋವೆಯ ಕುಣಬಿಗಳೂ ಸೇರಿದರು. ಗಡಿಯ ಈಚೆಗಿರುವ ಜೋಯಿಡಾದ ಕುಣಬಿಗಳು ಅಂದಿನಿಂದಲೂ ಅದನ್ನೇ ಕೇಳುತ್ತಿದ್ದಾರೆ. ಗಡ್ಡೆಗೆ ಗಡಿ ಇಲ್ಲ, ಪಟ್ಟಿಗೆ ಇದೆ.

ಸುಮಾರು ಒಂದು ದಶಕದಿಂದ ಜೋಯಿಡಾದಲ್ಲಿ ಗಡ್ಡೆ ಗೆಣಸು ಮೇಳ ನಡೆಯುತ್ತಿದೆ. ಕುಣಬಿ ಸಮಾಜದವರದೇ ಮುಂದಾಳತ್ವ, ಸಹಜ ಸಮೃದ್ಧದಂಥ ಸಂಸ್ಥೆಗಳ ಒತ್ತಾಸೆ. ಹಿತ್ತಲಲ್ಲಿ ಕಣ್ಣಿಗೆ ಬೀಳದೆ ಕೂತಿದ್ದದ್ದು ಮೇಜಿನ ಮೇಲೆ ಬಂದು, ಬೆಂಗಳೂರಿನವರು ಫೋಟೋ ಹೊಡೆದುಕೊಂಡು, ಹೆಂಗಸರ ಕೈಗೆ ನಾಲ್ಕು ಕಾಸು ಸೇರುತ್ತಿದೆ. ನನಗೆ ಇದು ಸಂತೋಷವೇ. ಗಡ್ಡೆ ತಿನ್ನುವವರೆಂದರೆ ಬಡವರು ಎಂದು ಮೂಗು ಮುರಿಯುತ್ತಿದ್ದ ಪೇಟೆಯವರೇ ಈಗ ಚೌಕಾಸಿ ಮಾಡದೆ ಕೊಳ್ಳುತ್ತಾರೆ. ಮಕ್ಕಳು ಡಬ್ಬಿಯಲ್ಲಿ ಕೆಸುವಿನ ಪಲ್ಯ ತರಲು ನಾಚುತ್ತಿದ್ದದ್ದನ್ನು ಕಣ್ಣಾರೆ ಕಂಡವನು ನಾನು.

ಆದರೆ ಮಾರಾಟಕ್ಕೆ ಅದರದೇ ಬುದ್ಧಿ ಇದೆ. ಗಿರಾಕಿ ಕೇಳುವುದು ಮುಡ್ಲಿ. ಅದು ನೋಡಲು ದೊಡ್ಡದು, ಪೇಟೆಗೆ ಸಾಗಿಸಲು ಗಟ್ಟಿ. ಇಡೀ ಹಿತ್ತಲಿಗೆ ಮುಡ್ಲಿಯೇ ಆದರೆ ಕಾಟೆ ಕಣಗಕ್ಕೆ ಜಾಗ ಎಲ್ಲಿ? ಅದರ ಮುಳ್ಳು ಬಿಡಿಸುವ ತಾಳ್ಮೆ ಪೇಟೆಯ ಯಾರಿಗಿದೆ? ಮಾರಾಟವಾಗದ ಬಗೆ ಇಷ್ಟು ಕಾಲ ಉಳಿದು ಬಂದದ್ದು ಒಂದೇ ದಾರಿಯಲ್ಲಿ, ಯಾರೋ ಯಾರಿಗೋ ಸುಮ್ಮನೆ ಕೊಟ್ಟದ್ದರಿಂದ. ಶಿರಸಿಯಲ್ಲಿ ವನಸ್ತ್ರೀ ಎಂಬ ಗುಂಪಿನ ಹೆಂಗಸರು ಹಿತ್ತಲ ಬೀಜಗಳನ್ನು ಕೂಡಿಟ್ಟು ಹಂಚುತ್ತಾ ಬಂದಿದ್ದಾರೆ. ಜೋಯಿಡಾದಲ್ಲೂ ಮಾರುವ ಮೇಜಿನ ಪಕ್ಕ ದುಡ್ಡಿಲ್ಲದ ಇನ್ನೊಂದು ಮೇಜು ಬೇಕು. ಅಲ್ಲಿ ತಲೆಗೆ ತಲೆ ಬದಲಾಗಲಿ, ಬೀಜಕ್ಕೆ ಬೀಜ.

ಮೇಳ ಸಾಮಾನ್ಯವಾಗಿ ಚಳಿಗಾಲದಲ್ಲಿ, ಗಡ್ಡೆ ಅಗೆದು ಮುಗಿಯುವ ಹೊತ್ತಿಗೆ. ಹೋದವರು ಮುಡ್ಲಿಯ ಜೊತೆ ಹೆಸರೇ ಕೇಳದ ಇನ್ನೊಂದು ಗಡ್ಡೆಯನ್ನೂ ತನ್ನಿ, ತಲೆ ಕತ್ತರಿಸದೆ ಇದ್ದದ್ದನ್ನೇ ಕೇಳಿ. ಕೆಳಭಾಗ ಸಾರಿಗೆ ಹಾಕಿ, ತಲೆಗೆ ಬೂದಿ ಸವರಿ ನೆರಳಲ್ಲಿಡಿ, ಮಳೆಗೆ ಮುಂಚೆ ನೆಡಿ. ಬೆಳೆ ಬಂದರೆ ಅದರಲ್ಲಿ ಒಂದು ತಲೆಯನ್ನು ಪಕ್ಕದ ಮನೆಗೆ ಕೊಡಿ, ಅವರ ಜೊತೆ ಮಾತಿಲ್ಲದಿದ್ದರೂ.