ಸುನೀತ ಅಡ್ಡೆ ಇಳಿಸಿದ ದಿನ



"ಜಾತಿ ಇರೋದು ನಿಮ್ಮ ಮನಸ್ಸಲ್ಲಿ, ಧ್ಯಾನ ಮಾಡಿ, ಹೋಗುತ್ತೆ" ಅಂತ ಬುದ್ಧನ ಹೆಸರಲ್ಲೇ ನಮ್ಮ ಹುಡುಗರಿಗೆ ಹೇಳೋರು ಈಗ ಜಾಸ್ತಿ ಆಗಿದ್ದಾರೆ. ಅದಕ್ಕೇ ಸುನೀತನ ಬಗ್ಗೆ ಬರೀತಿದ್ದೀನಿ.

ಥೇರಗಾಥಾ ಅಂದ್ರೆ ಹಿರಿಯ ಭಿಕ್ಕುಗಳು ತಮ್ಮ ಬದುಕನ್ನ ತಾವೇ ಹೇಳಿಕೊಂಡ ಪಾಲಿ ಪದ್ಯಗಳು. ಅದರಲ್ಲಿ ಸುನೀತ ಅನ್ನೋ ಥೇರ ಇದ್ದಾನೆ. ಕೀಳು ಅನ್ನಿಸಿಕೊಂಡ ಕುಲ, ಬಡತನ, ಬಾಡಿದ ಹೂ ಎತ್ತಿ ಎಸೆಯೋ ಕೆಲಸ. ಇವತ್ತಿನ ಮಾತಲ್ಲಿ ಪೌರಕಾರ್ಮಿಕ. ಇಷ್ಟು ಹೇಳಿ ಇನ್ನೊಂದು ಸೇರಿಸ್ತಾನೆ: ತಾನು ಮನಸ್ಸನ್ನೇ ತಗ್ಗಿಸಿಕೊಂಡು ಎಷ್ಟೋ ಜನಕ್ಕೆ ಕೈ ಮುಗೀತಿದ್ದೆ ಅಂತ. ಬೆನ್ನು ಬಗ್ಗೋದಕ್ಕೂ ಮುಂಚೆ ಮನಸ್ಸು ಬಗ್ಗಿರುತ್ತೆ ಅನ್ನೋದನ್ನ ನಮ್ಮವನೊಬ್ಬ 2000 ವರ್ಷಕ್ಕೂ ಹಿಂದೆ ಹೇಳಿಬಿಟ್ಟಿದ್ದಾನೆ.

ಮಗಧದಲ್ಲಿ ಸಂಘದ ಜೊತೆ ಬರ್ತಿದ್ದ ಬುದ್ಧನನ್ನ ಕಂಡು ಸುನೀತ ಹೆಗಲ ಮೇಲಿನ ಅಡ್ಡೆ ಕೆಳಗಿಟ್ಟ, ಹತ್ತಿರ ಹೋದ. ಬುದ್ಧ ಅವನಿಗಾಗಿ ನಿಂತ. "ಬಾ ಭಿಕ್ಕು" ಅಂದದ್ದೇ ದೀಕ್ಷೆ. ಕಾಡಿಗೆ ಹೋಗಿ ಸಾಧನೆ ಮಾಡಿದ್ದು ಆಮೇಲೆ. ಈ ಕ್ರಮ ನೆನಪಿರಲಿ.

ಆ ತಗ್ಗಿದ ಮನಸ್ಸು ಎಲ್ಲಿಂದ ಬಂತು? ಬುದ್ಧನ ಪ್ರಕಾರ ಮನಸ್ಸು ಒಳಗೆ ಕೂತಿರೋ ಆತ್ಮ ಅಲ್ಲ. ಕಾರಣಗಳಿಂದ ಹುಟ್ಟುತ್ತೆ, ಕಾರಣ ಬದಲಾದ್ರೆ ಬದಲಾಗುತ್ತೆ. ಮನುಷ್ಯನನ್ನ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಅಂತ ಐದು ಸ್ಕಂಧಗಳಾಗಿ ಬಿಡಿಸಿ ನೋಡ್ತಾನೆ. ವೇದನೆ ಅಂದ್ರೆ ಬರೀ ನೋವಲ್ಲ. ಹಿತ, ಅಹಿತ, ಎರಡೂ ಅಲ್ಲದ್ದು. ಸಂಜ್ಞೆ ಅಂದ್ರೆ ಗುರುತು ಹಿಡಿಯೋದು. ಕೇರಿಯ ಹೆಸರು ಕೇಳಿದ ತಕ್ಷಣ ಎದುರಿನವರ ಮುಖ ಬದಲಾಗುತ್ತಲ್ಲ, ಅಲ್ಲಿ ಕೆಲಸ ಮಾಡ್ತಿರೋದು ಇದು. ಹಂಗೆ ಮಾಡಿ ಮಾಡಿ ಗಟ್ಟಿಯಾದ ಹೇಸಿಗೆ, ಹಮ್ಮು, ಅಂಜಿಕೆ ಎಲ್ಲಾ ಸಂಸ್ಕಾರ. ("ಸಂಸ್ಕಾರವಂತರ ಮನೆ" ಅಂತಾರಲ್ಲ, ಆ ಸಂಸ್ಕಾರ ಅಲ್ಲ. ಯಾರಿಗ್ಗೊತ್ತು, ಅದೇ ಇರಬಹುದು!)

ಅಂದಮೇಲೆ ಮೈಲಿಗೆ ಅನ್ನೋದು ಅದನ್ನ ಕಾಣೋವನ ಮನಸ್ಸಿನ ರೋಗ. ಶ್ರಾವಸ್ತಿಯಲ್ಲಿ ಅಸ್ಸಲಾಯನ ಅನ್ನೋ ಬ್ರಾಹ್ಮಣ ಹುಡುಗ ವಾದಕ್ಕೆ ಬಂದಾಗ ಬುದ್ಧ ಕೇಳಿದ: ದ್ವೇಷವಿಲ್ಲದ ಮೈತ್ರಿಯ ಮನಸ್ಸು ಬೆಳೆಸೋಕೆ ಬ್ರಾಹ್ಮಣನಿಗೆ ಮಾತ್ರ ಆಗುತ್ತಾ? ನಾಲ್ಕೂ ವರ್ಣದವರಿಗೂ ಆಗುತ್ತೆ ಅಂತ ಹುಡುಗನೇ ಒಪ್ಪಬೇಕಾಯ್ತು.

1936ರಲ್ಲಿ ಲಾಹೋರಿನ ಭಾಷಣ ರದ್ದಾದಾಗ ಬಾಬಾಸಾಹೇಬರು ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದ 'ಜಾತಿ ವಿನಾಶ'ದಲ್ಲೂ ಜಾತಿಯನ್ನ ಮನಸ್ಥಿತಿ ಅಂತಲೇ ಕರೆದಿದ್ದಾರೆ. ಧ್ಯಾನದ ಉಪದೇಶ ಕೊಡೋರು ಇಷ್ಟನ್ನ ಮಾತ್ರ ಎತ್ತಿಕೊಳ್ತಾರೆ. ಆ ಮನಸ್ಥಿತಿಯನ್ನ ಸಾಕ್ತಿರೋದು ಶಾಸ್ತ್ರಗಳ ಮೇಲಿನ ಪೂಜ್ಯಭಾವ, ಅದನ್ನ ಒಡೀಬೇಕು ಅಂದದ್ದನ್ನ ಬಿಟ್ಟುಬಿಡ್ತಾರೆ. ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ 'ಬುದ್ಧ ಮತ್ತು ಆತನ ಧಮ್ಮ' ಮನಸ್ಸನ್ನ ಬೋಧನೆಯ ಕೇಂದ್ರದಲ್ಲಿಡುತ್ತೆ ನಿಜ. ಆದ್ರೆ ಆತ್ಮವೇ ಇಲ್ಲ ಅಂದಮೇಲೆ ಕರ್ಮ, ಪುನರ್ಜನ್ಮ ಹೇಗೆ ಅಂತ ಅದೇ ಪುಸ್ತಕದ ಪೀಠಿಕೆ ಕೇಳುತ್ತೆ. ಹಿಂದಿನ ಜನ್ಮದ ಪಾಪ ಅಂತ ಹೇಳಿ ನಮ್ಮ ಬಾಯಿ ಮುಚ್ಚಿಸೋರಿಗೆ ಅಲ್ಲಿ ಜಾಗ ಇಲ್ಲ.

ಧ್ಯಾನ ಬೇಡ ಅಂತ ನಾನು ಹೇಳ್ತಿಲ್ಲ, ನಾನೂ ಕೂರ್ತೀನಿ. ನಮ್ಮ ಹುಡುಗರನ್ನ ಶಿಬಿರಕ್ಕೆ ಕರೆಯೋ ಅಣ್ಣಂದಿರೇ, ಮುಂದಿನ ಶಿಬಿರ ಊರೊಳಗೆ, ಮೇಲಿನ ಬೀದಿಯಲ್ಲಿ ಇಡಿ. ನಾವೇ ಬಂದು ಚಾಪೆ ಹಾಸ್ತೀವಿ.