ನಾಯಿಯ ಹಲ್ಲಿಗೆ ಅರಿವಳಿಕೆ ಬಂದ ಕಥೆ

ನಾಯಿಯ ಹಲ್ಲು ಕ್ಲೀನ್ ಮಾಡಿಸೋಕೆ ವೆಟ್ ಕೊಟ್ಟ ಎಸ್ಟಿಮೇಟ್ ಸರಿಯಾಗಿ ಓದಿದ್ದೀರಾ? ಹಲ್ಲಿನ ಸಾಲು ಒಂದೆರಡು. ಉಳಿದದ್ದೆಲ್ಲ ರಕ್ತಪರೀಕ್ಷೆ, ಐವಿ, ಉಸಿರಾಟದ ಟ್ಯೂಬು, ಮಾನಿಟರಿಂಗ್. ಊರಿಗೆ ಫೋನ್ ಮಾಡಿ ಹೇಳಿದರೆ "ನಾಯಿ ಹಲ್ಲುಜ್ಜೋಕೆ ಪ್ರಜ್ಞೆ ತಪ್ಪಿಸ್ಬೇಕಾ?" ಅಂತ ನಗ್ತಾರೆ. ಆದರೆ ಕೇಳಬೇಕಾದ ಪ್ರಶ್ನೆಯೇ ಅದು.

ಪಶುವೈದ್ಯ ಶಾಲೆಗಳು ಹುಟ್ಟಿದ ಕಾಲದಲ್ಲಿ ಮುಖ್ಯ ರೋಗಿ ಕುದುರೆ. 1761ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಅಂಥ ಮೊದಲ ಶಾಲೆಗೆ ಅನುಮತಿ ಪಡೆದ ಕ್ಲೋದ್ ಬೂರ್ಜ್‌ಲಾ ಕುದುರೆ ಸವಾರಿ ಕಲಿಸುತ್ತಿದ್ದವರು. ಕುದುರೆಯ ಬಾಯಿ ತೆರೆದು ವಯಸ್ಸು ಹೇಳೋದು, ಚೂಪಾದ ಹಲ್ಲನ್ನು ಅರದಿಂದ ತಿಕ್ಕೋದು ಹಳೇ ವಿದ್ಯೆ. ನಾಯಿಯ 42 ಹಲ್ಲುಗಳನ್ನು ಕೇಳೋರು ಕಮ್ಮಿ.

1846ರಲ್ಲಿ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಎಲ್ಲರೆದುರು ಈಥರ್ ಕೊಟ್ಟು ರೋಗಿಯನ್ನು ಮಲಗಿಸಿ ತೋರಿಸಿದ. ಆತ ಹಲ್ಲಿನ ಡಾಕ್ಟರ್! 1950ರ ದಶಕದಲ್ಲಿ ಮನುಷ್ಯರ ಹಲ್ಲಿಗೆ ಅಲ್ಟ್ರಾಸೋನಿಕ್ ಸ್ಕೇಲರ್ ಬಂತು, ಆಮೇಲೆ ಪಶುವೈದ್ಯರೂ ಅದನ್ನು ಕೈಗೆತ್ತಿಕೊಂಡರು. ಅಮೆರಿಕದಲ್ಲಿ ಪಶು ದಂತವೈದ್ಯರ ಸಂಘ ಕಟ್ಟಿದ್ದು 1976ರಲ್ಲಿ, ತಜ್ಞರಿಗೆ ಮಾನ್ಯತೆ ಕೊಡುವ ಕಾಲೇಜು ಹುಟ್ಟಿದ್ದು 1988ರಲ್ಲಿ. ಹೆಚ್ಚುಕಡಿಮೆ ನನ್ನ ವಯಸ್ಸು.

ಹಾಗಾದರೆ ಅರಿವಳಿಕೆ ಯಾಕೆ? ನಮ್ಮ ಕಣ್ಣಿಗೆ ಬೀಳೋದು ಹಲ್ಲಿನ ಮೇಲಿನ ಹಳದಿ ಟಾರ್ಟರ್. ರೋಗ ಬೆಳೆಯೋದು ಒಸಡಿನ ಕೆಳಗೆ. ಎಚ್ಚರ ಇರೋ ನಾಯಿಯ ಹಲ್ಲನ್ನು ಕೆರೆದು ಬೆಳ್ಳಗೆ ಮಾಡಬಹುದು, ಆದರೆ ಒಸಡಿನ ಅಡಿಗೆ ಕೈಹಾಕೋಕೆ, ಎಕ್ಸ್‌ರೇ ತೆಗೆಯೋಕೆ ಅದು ಬಿಡೋದಿಲ್ಲ. ಸ್ಕೇಲರಿನ ನೀರು, ಕೊಳೆ ಶ್ವಾಸಕೋಶಕ್ಕೆ ಇಳಿಯದಂತೆ ಟ್ಯೂಬು ಬೇರೆ ಬೇಕು. "ಅರಿವಳಿಕೆ ಇಲ್ಲದ ಕ್ಲೀನಿಂಗ್" ಅನ್ನೋ ಜಾಹೀರಾತು ನನ್ನ ಪ್ರಕಾರ ಬರೀ ಸುಣ್ಣ ಬಳಿಯೋ ಕೆಲಸ.

ಇಲ್ಲೊಂದು ಸೊಗಸಾದ ವಿಷಯ. ಇವತ್ತು ಮನುಷ್ಯರಿಗೂ ನಾಯಿಗೂ ಕೊಡುವ ಪ್ರೊಪೊಫಾಲ್ ಔಷಧಿಯನ್ನು ಬೆಳೆಸಿದ ಜಾನ್ ಗ್ಲೆನ್ ಸ್ಕಾಟ್ಲೆಂಡಿನ ಪಶುವೈದ್ಯ. ಅದಕ್ಕೆ 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿಯೂ ಬಂತು. ಹಲ್ಲಿನ ಡಾಕ್ಟರ್ ತೋರಿಸಿಕೊಟ್ಟ ವಿದ್ಯೆಯ ಸಾಲವನ್ನು ಪಶುವೈದ್ಯರೊಬ್ಬರು ಬಡ್ಡಿ ಸಮೇತ ತೀರಿಸಿದ ಹಾಗೆ.

ಭಯ ಮಾತ್ರ ಸುಳ್ಳಲ್ಲ. ಬ್ರಿಟನ್ನಿನಲ್ಲಿ 98,036 ನಾಯಿಗಳನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅರಿವಳಿಕೆಗೆ ಸಂಬಂಧಿಸಿದ ಸಾವು 10,000ಕ್ಕೆ ಸುಮಾರು 17. ಡೇಟಾ ಕೆಲಸದವಳಾಗಿ ನಾನು ಈ ಸರಾಸರಿಯನ್ನು ಒಡೆದೇ ನೋಡೋದು: ಆರೋಗ್ಯವಂತ ನಾಯಿಗಳಲ್ಲಿ ಸುಮಾರು 5, ಮೊದಲೇ ಕಾಯಿಲೆ ಇದ್ದವುಗಳಲ್ಲಿ ಸುಮಾರು 133. ನಿಮ್ಮ ನಾಯಿ ಯಾವ ಗುಂಪಿನದು ಅಂತ ತಿಳಿಯೋಕೇ ಆ ರಕ್ತಪರೀಕ್ಷೆ. ಎಸ್ಟಿಮೇಟಿನಿಂದ ದುಡ್ಡು ಉಳಿಸೋಕೆ ಅದನ್ನು ಹೊಡೆದುಹಾಕಿಸಬೇಡಿ.

ಇನ್ನೊಂದು ಮಾತು. ಆ ಅಧ್ಯಯನದಲ್ಲಿ ಸತ್ತ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸತ್ತದ್ದು ಚಿಕಿತ್ಸೆ ಮುಗಿದ ಮೇಲೆ. ಹಾಗಾಗಿ ಸಹಿ ಹಾಕೋ ಮುಂಚೆ ವೆಟ್‌ಗೆ ಇಷ್ಟು ಕೇಳಿ: "ಪೂರ್ತಿ ಎಚ್ಚರ ಆಗೋ ತನಕ ಪಕ್ಕದಲ್ಲಿ ಯಾರು ಕೂತಿರ್ತಾರೆ?"