ಮುಂಬಯಿಯ ದೀಪಾವಳಿ ಕೋಟೆಗಳ ಮಾವಳ ಗೊಂಬೆಗಳು: ಅಳತೆ, ಸ್ಥಾನ ಮತ್ತು ಸಂಗ್ರಹ

ಸೈನಿಕರ ಕಿರುಪ್ರತಿಮೆಗಳ ಚರಿತ್ರೆಯು ಬಹುಮಟ್ಟಿಗೆ ಯುರೋಪಿನ ತವರ ಮತ್ತು ಸೀಸದ ಸೈನಿಕರನ್ನೇ ಆಧರಿಸಿ ರಚಿತವಾಗಿರುವುದರಿಂದ, ದೀಪಾವಳಿಯಲ್ಲಿ ಮುಂಬಯಿಯ ಮಕ್ಕಳು ಕಟ್ಟುವ ಮಣ್ಣಿನ ಕೋಟೆಗಳ ಮೇಲೆ ನಿಲ್ಲುವ ಮಾವಳರ ಗೊಂಬೆಗಳಿಗೆ ಅದರಲ್ಲಿ ತಕ್ಕ ಸ್ಥಾನ ದೊರೆತಿಲ್ಲ. ಮಾವಳರೆಂದರೆ ಪುಣೆಯ ಪಶ್ಚಿಮಕ್ಕಿರುವ ಸಹ್ಯಾದ್ರಿಯ ಕಣಿವೆಗಳಿಂದ ಬಂದು, 17ನೆಯ ಶತಮಾನದಲ್ಲಿ ಶಿವಾಜಿಯ ಕಾಲಾಳು ಪಡೆಗೆ ಬಲವಾಗಿದ್ದ ಯೋಧರು. ಅವರ ಗೊಂಬೆಗಳ ರೂಪತತ್ತ್ವವು ಸೀಸದ ಸೈನಿಕರದಕ್ಕಿಂತ ಮೂಲತಃ ಭಿನ್ನವೆಂಬುದು ಈ ಲೇಖನದ ಪ್ರತಿಪಾದನೆ.

ಲಂಡನ್ನಿನ ಬ್ರಿಟನ್ಸ್ ಸಂಸ್ಥೆಯು 1893ರಲ್ಲಿ ಪೊಳ್ಳು ಎರಕದ ಸೈನಿಕರನ್ನು ಮಾರುಕಟ್ಟೆಗೆ ತಂದಿತು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಹೊರಪದರ ಗಟ್ಟಿಯಾದೊಡನೆ ಒಳಗಿನ ದ್ರವವನ್ನು ಬಸಿದುಬಿಡುವ ಈ ವಿಧಾನದಿಂದ ಲೋಹ ಉಳಿಯಿತು, ತೂಕ ತಗ್ಗಿತು, ಬೆಲೆಯೂ ಇಳಿಯಿತು. ಬಾಂಬೆ ಪ್ರಾಂತದ ದೇಶೀಯ ದಳಗಳನ್ನೂ ಒಳಗೊಂಡ ಈ ಸರಣಿಯಲ್ಲಿ 54 ಮಿಲಿಮೀಟರಿನ ಏಕರೂಪದ ಅಳತೆ ಮತ್ತು ದಳದ ಸಮವಸ್ತ್ರ ಇವೆರಡೇ ಸೈನಿಕನ ಗುರುತಾದವು. ಸಂಗ್ರಾಹಕರು ಇಂದಿಗೂ ಮೂಲ ಬಣ್ಣವನ್ನೂ ಮೂಲ ಪೆಟ್ಟಿಗೆಯನ್ನೂ ನೋಡಿಯೇ ಬೆಲೆ ಕಟ್ಟುತ್ತಾರೆ.

ಗಿರಗಾಂವ, ಲಾಲ್‌ಬಾಗ್, ದಾದರ್‌ಗಳ ಚಾಳುಗಳಿಂದ ಹಿಡಿದು ಉಪನಗರಗಳ ವಸತಿ ಸಂಕೀರ್ಣಗಳವರೆಗೆ ಕಾಣುವ ಕೋಟೆಗಳ ಕ್ರಮವೇ ಬೇರೆ. ಕಲ್ಲು, ಇಟ್ಟಿಗೆಗಳನ್ನು ಪೇರಿಸಿ, ಗೋಣಿಚೀಲ ಹೊದಿಸಿ, ಕೆಸರು ಮೆತ್ತಿ, ಹಸಿರು ಮೊಳೆಯಲೆಂದು ಸಾಸಿವೆಯನ್ನೋ ರಾಗಿಯನ್ನೋ ಚೆಲ್ಲಿದ ಮೇಲೆ, ಅಚ್ಚಿನಲ್ಲಿ ತೆಗೆದು ಬಣ್ಣ ಬಳಿದ ಮಣ್ಣಿನ ಅಥವಾ ಪ್ಲಾಸ್ಟರಿನ ಗೊಂಬೆಗಳನ್ನು ಜೋಡಿಸಲಾಗುತ್ತದೆ. ನೆತ್ತಿಯಲ್ಲಿ ಸಿಂಹಾಸನಾರೂಢ ಶಿವಾಜಿ, ಬಾಗಿಲಲ್ಲಿ ಕಾವಲುಗಾರ, ಬುರುಜಿನಲ್ಲಿ ತೋಪು, ಬುಡದಲ್ಲಿ ರೈತರು, ದನಕರುಗಳು. ಇಲ್ಲಿ ಅರಸನ ಗೊಂಬೆಯು ಮಾವಳರಿಗಿಂತ ಎಷ್ಟೋ ದೊಡ್ಡದಾಗಿರುವುದನ್ನು ಕುಶಲಕರ್ಮಿಯ ಅಜಾಗರೂಕತೆಯೆಂದು ತಿಳಿಯಲಾಗದು. ಗಾತ್ರವು ದೇಹದ ಅಳತೆಯನ್ನು ಬಿಟ್ಟು ಸ್ಥಾನಮಾನವನ್ನು ಸೂಚಿಸುತ್ತದೆ.

ಕನ್ನಡ ನಾಡಿನ ವೀರಗಲ್ಲುಗಳನ್ನು ಬಲ್ಲವರಿಗೆ ಈ ನ್ಯಾಯ ಅಪರಿಚಿತವಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ದೈವಸಾನ್ನಿಧ್ಯ ಎಂಬ ಅಲ್ಲಿನ ವಿನ್ಯಾಸದಲ್ಲಿಯೂ ವೀರನು ಎದುರಾಳಿಗಳಿಗಿಂತ ದೊಡ್ಡವನಾಗಿ ಕಾಣುವುದುಂಟು, ಎತ್ತರವೇ ಮಹಿಮೆಯ ಸೂಚಕವಾಗುವುದುಂಟು. ಮುಂಬಯಿಯ ಬೋರಿವಲಿಯ ಎಕ್ಸಾರ್‌ನಲ್ಲಿ ನೌಕಾಯುದ್ಧವನ್ನು ಕೆತ್ತಿದ ಮಧ್ಯಯುಗೀನ ವೀರಗಲ್ಲುಗಳು ಉಳಿದಿರುವುದರಿಂದ, ಯೋಧನನ್ನು ಸ್ಥಾನದ ಮೂಲಕ ಗುರುತಿಸುವ ಶಿಲ್ಪದೃಷ್ಟಿ ಈ ನೆಲಕ್ಕೂ ಹಳೆಯದೇ. ಇವುಗಳಿಂದ ಗೊಂಬೆಗಳಿಗೆ ನೇರ ಪರಂಪರೆಯನ್ನು ಕಲ್ಪಿಸಬೇಕಾಗಿಲ್ಲ; ರೂಪತತ್ತ್ವದ ಸಾಮ್ಯವಷ್ಟೇ ಇಲ್ಲಿ ಮುಖ್ಯ.

ಹಬ್ಬ ಕಳೆದೊಡನೆ ಕೋಟೆ ಕರಗಿಹೋಗುವುದರಿಂದ, ಗೊಂಬೆಯು ಮನೆಯಲ್ಲಿ ಉಳಿದರೂ ಅದಕ್ಕೆ ಅರ್ಥ ಕೊಟ್ಟ ಸ್ಥಾನ ಅಳಿಸಿಹೋಗುತ್ತದೆ. ಬೈಕುಲಾದಲ್ಲಿ 1872ರಲ್ಲಿ ತೆರೆದ, ಇಂದು ಡಾ. ಭಾವು ದಾಜಿ ಲಾಡ್ ಹೆಸರಿನಲ್ಲಿರುವ ವಸ್ತುಸಂಗ್ರಹಾಲಯವು ನಗರದ ಸಮುದಾಯಗಳ ಮಣ್ಣಿನ ಪ್ರತಿಮೆಗಳನ್ನು ಕಾಪಾಡಿಕೊಂಡು ಬಂದಿರುವಂತೆ, ಮಾವಳರ ಗೊಂಬೆಗಳೂ ಸಂಗ್ರಹಯೋಗ್ಯವಾಗಿವೆ. ಆದರೆ ಅವುಗಳನ್ನು ಬಿಡಿ ಪ್ರತಿಮೆಗಳಾಗಿ ಕಪಾಟಿನಲ್ಲಿ ಸಾಲುಗೊಳಿಸಿದರೆ ಸೀಸದ ಸೈನಿಕರ ಮಾನದಂಡವನ್ನೇ ಅವುಗಳ ಮೇಲೆ ಹೇರಿದಂತಾಗುತ್ತದೆ. ಆದುದರಿಂದ ಅಚ್ಚು, ಬಣ್ಣ, ತಯಾರಕರ ವಿವರಗಳೊಂದಿಗೆ ಕೋಟೆಯ ನಕ್ಷೆಯನ್ನೂ ಪ್ರತಿ ಗೊಂಬೆ ನಿಂತ ಜಾಗವನ್ನೂ ದಾಖಲಿಸುವುದು ಇಂತಹ ಸಂಗ್ರಹದ ಮೊದಲ ಕರ್ತವ್ಯವಾಗಬೇಕು.